ಕನ್ನಡಕದಂಗಡಿಯ ಚಿನಕುರುಳಿ

ಕನ್ನಡಕದಂಗಡಿಯ ಹಿಂಬದಿಯ ಕೋಣೆಯಲ್ಲಿ ಗಾಜು ಉಜ್ಜುವ ಆ ಮನುಷ್ಯನದು ಪಳಗಿದ ಕೈ. ನೀರು ತೊಟ್ಟಿಕ್ಕುವ ಕಲ್ಲಿನ ಚಕ್ರಕ್ಕೆ ಅಂಚನ್ನು ಒತ್ತಿ ಹಿಡಿದರೆ ಗಾಜು ಫ್ರೇಮಿಗೆ ಕೂರುವಷ್ಟೇ ಸವೆಯುತ್ತಿತ್ತು. ಮಾತು ಮಾತ್ರ ಕಡಿಮೆ. ಅವನ ಪಾಲಿನದನ್ನೂ ಏಳು ವರ್ಷದ ಮಗಳೇ ಆಡಿ ಮುಗಿಸುತ್ತಿದ್ದಳು. ಶಾಲೆ ಬಿಟ್ಟವಳೇ ಬಂದು ಸ್ಟೂಲ್ ಏರಿದರೆ, ಟೀಚರ್ ಎಷ್ಟು ಸಲ ಸೀನಿದರು ಎಂಬುದರಿಂದ ಹಿಡಿದು ಇಡೀ ದಿನದ ವರದಿ ಒಂದೇ ಉಸಿರಿಗೆ. ಅಂಗಡಿಯ ಯಜಮಾನ, "ಚಿನಕುರುಳಿ ಬಂದ್ಲು, ರೇಡಿಯೋ ಆರಿಸ್ರಪ್ಪಾ" ಎನ್ನುತ್ತಿದ್ದ.

ಅವಳಿಗೆ ಐದನೇ ವಯಸ್ಸಿನಿಂದ ಫಿಟ್ಸ್. ಒಂದು ಔಷಧಿಗೆ ಕಡಿಮೆಯಾಗಿತ್ತು, ನಿಂತಿರಲಿಲ್ಲ. ಡಾಕ್ಟರಮ್ಮ ಅದರ ಜೊತೆಗೆ ಇನ್ನೊಂದು ಗುಳಿಗೆ ಶುರುಮಾಡಿ, ನಿಧಾನವಾಗಿ ಏರಿಸಿದರು. ಎರಡು ತಿಂಗಳು ಒಂದೂ ಫಿಟ್ಸ್ ಬರಲಿಲ್ಲ. ತಾಯಿ ಎಷ್ಟೋ ಕಾಲದ ಮೇಲೆ ಕಣ್ತುಂಬ ನಿದ್ದೆ ಮಾಡಿದಳು.

ಆದರೆ ಮಗಳು ದಿನದಿನಕ್ಕೆ ಮಂಕಾದಳು. ನಡೆದರೆ ಗೋಡೆ ಹಿಡಿಯಬೇಕು; ಆಡಿದ ನಾಲ್ಕು ಮಾತೂ ತೊದಲು. ಸ್ಟೂಲಿನ ಮೇಲೆ ಕೂತಲ್ಲೇ ತೂಕಡಿಸುವ ಅವಳನ್ನು ನೋಡುತ್ತಿದ್ದ ಅವನ ಕೈಯಲ್ಲಿ ಗಾಜುಗಳು ಒಡೆಯತೊಡಗಿದವು. ಚಕ್ರದ ಸದ್ದು ಇಷ್ಟು ಕರ್ಕಶ ಎಂದು ಅವನಿಗೆ ಗೊತ್ತಾದದ್ದೇ ಆಗ.

"ಫಿಟ್ಸ್ ನಿಂತಿದ್ಯಲ್ಲ, ಇನ್ನೇನು ಬೇಕು ನಿಮಗೆ?" ಎಂದಳು ಹೆಂಡತಿ.

"ಅವಳು ಬೇಕು ಕಣೇ" ಎಂದ.

ಒಂದು ಬೆಳಗ್ಗೆ ಎರಡನೇ ಗುಳಿಗೆಯನ್ನು ಕೊಡದೆ ಅಂಗೈಯಲ್ಲೇ ಮುಚ್ಚಿಟ್ಟುಕೊಂಡ. ಆಮೇಲೆ ಫಿಟ್ಸ್ ಮರಳೀತೆಂದು ಹೆದರಿ, ಕೊಟ್ಟೇಬಿಟ್ಟ. ಮಗಳನ್ನು ಎತ್ತಿಕೊಂಡು ನೇರವಾಗಿ ಆಸ್ಪತ್ರೆಗೆ ನಡೆದ.

ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ ಹೇಳಿದರು: "ಹಳೇ ಔಷಧಿ ಹೊಸದನ್ನ ಮೈಯಿಂದ ಬೇಗ ಹೊರಗೆ ಹೋಗೋಕೆ ಬಿಡಲ್ಲ. ಅದಕ್ಕೇ ಕಡಿಮೆಯಿಂದ ಶುರುಮಾಡಿದ್ವಿ. ಆದ್ರೂ ಇವಳ ಮೈಯಲ್ಲಿ ನಾವು ಅಂದುಕೊಂಡಿದ್ದರ ಎರಡರಷ್ಟು ನಿಂತಿದೆ. ಡೋಸ್ ಇಳಿಸೋಣ. ನೀವಾಗೇ ನಿಲ್ಲಿಸಲಿಲ್ಲ, ಒಳ್ಳೇದಾಯ್ತು. ಥಟ್ಟಂತ ಬಿಟ್ಟಿದ್ರೆ ಫಿಟ್ಸ್ ಜೋರಾಗಿ ಬರ್ತಿತ್ತು."

ಇಳಿಸಿದ ಎರಡನೇ ವಾರ ಒಂದು ಫಿಟ್ಸ್ ಬಂತು. ಹೆಂಡತಿ ಎರಡು ದಿನ ಅವನೊಂದಿಗೆ ಮಾತು ಬಿಟ್ಟಳು. ಅವನೂ ತನ್ನನ್ನೇ ಶಪಿಸಿಕೊಂಡ. ಡಾಕ್ಟರಮ್ಮ ಪ್ರಮಾಣವನ್ನು ಒಂದಿಷ್ಟು ಸರಿಪಡಿಸಿದರು, ಮತ್ತೆ ಬರಲಿಲ್ಲ. ತಿಂಗಳೊಳಗೆ ಹುಡುಗಿ ಗೋಡೆ ಬಿಟ್ಟು ನಡೆದಳು. ಒಂದು ಸಂಜೆ ತಾಯಿಗೆ, "ಅಮ್ಮಾ, ನಿನ್ನ ಜಡೆ ಸೊಟ್ಟಗಿದೆ" ಎಂದಳು. ತಾಯಿ ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮಾತು ಮರಳಿತು. ಆದರೆ ಅಷ್ಟರಲ್ಲಿ ಅವಳಿಗೆ ಒಬ್ಬ ಗೆಳತಿ ಸಿಕ್ಕಿದ್ದಳು. ಮಂಪರಿನ ದಿನಗಳಲ್ಲಿ ಕೈಹಿಡಿದು ತರಗತಿಗೆ ಕರೆದೊಯ್ಯುತ್ತಿದ್ದವಳು. ದಿನದ ವರದಿ ಈಗ ಆ ಗೆಳತಿಯ ಪಾಲು. ಅಪ್ಪ ಕೇಳಿದರೆ, "ಏನಿಲ್ಲಪ್ಪಾ" ಅಷ್ಟೇ.

ಈಗವನು ಮಧ್ಯಾಹ್ನ ಅರ್ಧ ಗಂಟೆ ಬಿಡುವು ಕೇಳಿ ಶಾಲೆಯ ಗೇಟಿಗೆ ಹೋಗುತ್ತಾನೆ. ಹುಡುಗಿಯರಿಬ್ಬರೂ ವಟಗುಟ್ಟುತ್ತ ಮುಂದೆ ನಡೆಯುತ್ತಾರೆ. ಎರಡೂ ಚೀಲ ಹೊತ್ತು, ಒಂದೊಂದು ಮಾತು ಕಿವಿಗೆ ಬೀಳುವಷ್ಟು ದೂರದಲ್ಲಿ ಅವನು ಹಿಂದೆ ನಡೆಯುತ್ತಾನೆ.