ಫಕೀರಮ್ಮನ ಡಬ್ಬಿ ಪಾಳಿ

ಅಳವಂಡಿಯ ಆಚೆಗಿನ ಆ ಊರಿಗೆ ಇರುವುದು ಒಂದೇ ಹಿಟ್ಟಿನ ಗಿರಣಿ. ಬೋರ್ಡಿನ ಮೇಲೆ ‘ಮಾಲೀಕರು: ಕಾಳಪ್ಪ’ ಎಂದು ಬರೆದಿದೆ. ಕಾಳಪ್ಪ ಮಾಲೀಕನಾಗಿರುವುದು ಆ ಬೋರ್ಡಿನಲ್ಲಿ ಮಾತ್ರ. ಆಸಾಮಿ ಸಿಗುವುದು ಚಹಾದಂಗಡಿಯ ಬೆಂಚಿನ ಮೇಲೆ. ಬೆಲ್ಟು ಹಾಕುವವಳು, ಸವೆದ ಕಲ್ಲಿಗೆ ಉಳಿ ಹಿಡಿಯುವವಳು, ಜಗಳ ಬಿಡಿಸುವವಳು ಎಲ್ಲ ಅವನ ಹೆಂಡತಿ ಫಕೀರಮ್ಮ. ಹುಬ್ಬಿನ ತನಕ ಹಿಟ್ಟು ಮೆತ್ತಿಕೊಂಡಿರುವ ಆಕೆಯ ವಯಸ್ಸು ಹೇಳುವುದು ಕಷ್ಟ. ಕೊಡವಿ ನೋಡಿದರೆ ಐವತ್ತು ಇರಬಹುದು. ಬಾಯಿ ಮಾತ್ರ ಗಿರಣಿಯ ಕಲ್ಲಿಗಿಂತ ಗಟ್ಟಿ.

ಆ ಗಿರಣಿಗೆ ಒಂದು ಕಾನೂನಿದೆ. ಕರೆಂಟು ಯಾವಾಗ ಬರುತ್ತದೆಂದು ದೇವರಿಗೂ ಗೊತ್ತಿಲ್ಲದ ಊರಿನಲ್ಲಿ ಹೆಂಗಸರು ದಿನವಿಡೀ ನಿಂತು ಕಾಯಲಾಗದು. ಅದಕ್ಕೆ ಜೋಳದ ಡಬ್ಬಿಯನ್ನು ಪಾಳಿಯ ಸಾಲಿನಲ್ಲಿಟ್ಟು ಹೊಲಕ್ಕೋ ಕೂಲಿಗೋ ಹೋಗುತ್ತಾರೆ. ಡಬ್ಬಿ ನಿಂತರೆ ಮನುಷ್ಯ ನಿಂತಂತೆ. ಇನ್ನೊಬ್ಬರ ಡಬ್ಬಿಯನ್ನು ಯಾರೂ ಮುಟ್ಟುವಂತಿಲ್ಲ. ಸರಿಸುವ ಹಕ್ಕು ಫಕೀರಮ್ಮನಿಗೆ ಮಾತ್ರ. ಒಬ್ಬ ಪಂಚಾಯ್ತಿ ಮೆಂಬರು ತನ್ನ ಡಬ್ಬಿಯನ್ನು ಸದ್ದಿಲ್ಲದೆ ಮುಂದಕ್ಕೆ ಸರಿಸಿದ್ದ. ಮುಂದಿನ ಚುನಾವಣೆಯಲ್ಲಿ ಅವನ ಠೇವಣಿ ಹೋಯಿತು.

ಊರ ಸುತ್ತ ಹೊಲಗಳಲ್ಲಿ ಗಾಳಿಯ ಫ್ಯಾನುಗಳು ಹಗಲಿರುಳು ತಿರುಗುತ್ತವೆ. ಅವು ಮಾಡಿದ ಕರೆಂಟು ತಂತಿ ಹಿಡಿದು ಎತ್ತಲೋ ಹೋಗುತ್ತದೆ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ನಮಗೆಲ್ಲ ಗಾದೆ. ಕರೆಂಟು ಕಂಪನಿಯವರು ಮಾತ್ರ ಅದನ್ನು ಯೋಜನೆ ಎಂದುಕೊಂಡಿದ್ದಾರೆ.

ಈ ವರ್ಷ ಕಂಪನಿಯ ನೋಟೀಸೊಂದು ಪಂಚಾಯ್ತಿ ಗೋಡೆಗೆ ಬಿತ್ತು. ಮುಂದಿನ ಇಪ್ಪತ್ತು ವರ್ಷಗಳ ದೂರದೃಷ್ಟಿ ಯೋಜನೆ ಸಿದ್ಧವಾಗಿದೆಯಂತೆ, ಸಮುದಾಯ ಭವನದಲ್ಲಿ ಸಾರ್ವಜನಿಕರ ಅಹವಾಲು ಕೇಳುತ್ತಾರಂತೆ. ನಾಳೆ ಎಷ್ಟು ಹೊತ್ತಿಗೆ ಕರೆಂಟು ಕೊಡುತ್ತೇವೆಂದು ಹೇಳಲಾರದವರು ಇಪ್ಪತ್ತು ವರ್ಷದ ಲೆಕ್ಕ ಹಾಕಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ. ಫಕೀರಮ್ಮ ಗೋಡೆಗೆ ಮೂಗು ತಾಗಿಸಿ ಕೊನೆಯತನಕ ಓದಿದಳು. ಹಗಲಿನ ತ್ರೀ ಫೇಜ್ ಇನ್ನು ಮುಂದೆ ಕಾರ್ಖಾನೆಗಳಿಗೆ, ಹಳ್ಳಿಗಳಿಗೆ ನಡುರಾತ್ರಿಯ ನಂತರ ಎಂದು ತಳದಲ್ಲಿ ಸಣ್ಣಕ್ಷರದಲ್ಲಿತ್ತು. ತ್ರೀ ಫೇಜ್ ಇಲ್ಲದೆ ಗಿರಣಿಯ ಮೋಟಾರು ತಿರುಗುವುದಿಲ್ಲ. ನಡುರಾತ್ರಿ ಎದ್ದು ಜೋಳ ಹೊತ್ತು ಬರುವವರು ಯಾರು? ಊರು ಪೇಟೆಯ ಪಾಕೀಟು ಹಿಟ್ಟಿಗೆ ಬೀಳುತ್ತದೆ, ಗಿರಣಿಗೆ ಬೀಗ ಬೀಳುತ್ತದೆ. ಯಾರಿಗೂ ಹೆದರದ ಫಕೀರಮ್ಮನಿಗೆ ಅಂದು ನಿಜಕ್ಕೂ ಹೆದರಿಕೆಯಾಯಿತು.

ಅಂದಿನಿಂದ ಹಿಟ್ಟಿನ ಜೊತೆ ಮಾತನ್ನೂ ಬೀಸತೊಡಗಿದಳು. “ಎಲ್ಲಾರೂ ಮೀಟಿಂಗಿಗೆ ಬರಬೇಕ ನೋಡ್ರಬೇ. ಹಗಲ ಕರೆಂಟ್ ಬೇಕು ಅಂತ ಒಬ್ಬೊಬ್ಬರೂ ಬಾಯಿ ಬಿಟ್ಟ ಹೇಳಬೇಕು.”

“ಬರ್ತೀವಿ ಬಿಡ ಯಕ್ಕಾ,” ಎಂದರು ಎಲ್ಲರೂ. ಪಕ್ಕದ ಮನೆಯ ಶರಣಬಸಮ್ಮನಂತೂ ಗಿರಣಿಯ ಕಲ್ಲು ಮುಟ್ಟಿ ಆಣೆ ಮಾಡಿದಳು.

ಸಭೆಯ ದಿನ ಬೆಳಗಾಗುತ್ತಲೇ ಕರೆಂಟು ಬಂತು. ಬಂದದ್ದು ಹೋಗಲಿಲ್ಲ. ಸಭೆಯಲ್ಲಿ ಕರೆಂಟು ಹೋಗಿ, ಅಹವಾಲು ಕೇಳಲು ಬರುವ ಕಂಪನಿ ಸಾಹೇಬರ ಮರ್ಯಾದೆಯೂ ಹೋಗಬಾರದೆಂದು ನಾಲ್ಕು ಗಂಟೆಯತನಕ ತೆಗೆಯಬೇಡಿರೆಂದು ಹುಕುಂ ಆಗಿತ್ತು. ಇಂಥ ಭಾಗ್ಯ ಊರು ಎಂದೂ ಕಂಡಿರಲಿಲ್ಲ. ಗಂಡಸರು ಪಂಪ್‌ಸೆಟ್ಟಿಗೆ ಓಡಿದರು, ಹೆಂಗಸರು ಗಿರಣಿಗೆ. ಡಬ್ಬಿಯ ಪಾಳಿ ರಸ್ತೆಗೆ ಬಂದು ಬೇವಿನ ಗಿಡ ದಾಟಿತು. ಕರೆಂಟಿಗೆ ಕಾಯಬೇಕಿಲ್ಲದಿದ್ದರೂ ರೂಢಿ ಬಿಡದೆ ಡಬ್ಬಿಯಿಟ್ಟು ನೀರು ಹಿಡಿಯಲು, ಬಟ್ಟೆ ಒಗೆಯಲು ಹೋದರು. ಗಿರಣಿಯ ಎದುರಿಗೇ ಸಮುದಾಯ ಭವನ. ಅತ್ತ ಒಬ್ಬರೂ ತಿರುಗಿ ನೋಡಲಿಲ್ಲ.

“ಏನಬೇ ಶರಣಬಸವ್ವ, ಮೀಟಿಂಗು?” ಎಂದು ಫಕೀರಮ್ಮ ಕೇಳಿದಳು.

“ಇಪ್ಪತ್ತ ವರ್ಷದ ಮಾತು ನಾಳಿ ಆಡಾಕ ಬರ್ತೈತಿ. ಹಿಟ್ಟು ಇವತ್ತ ಬೇಕಲ್ಲ? ಲಗೂ ಹಾಕು.”

ಬೈಯಲು ಹೊರಟ ಫಕೀರಮ್ಮ ಮುಂದಿನ ಡಬ್ಬಿ ಎತ್ತಿ ಸುರಿದಳು. ಅವಳೇನು ಕಡಿಮೆ? ತಾನೂ ಸಭೆ ಬಿಟ್ಟು ಗಿರಣಿಗೆ ಬೆಲ್ಟು ಹಾಕಿಕೊಂಡೇ ಇದ್ದಳಲ್ಲ. ಸಭೆಯ ಸುದ್ದಿ ತರಲು ಗಂಡನನ್ನು ಅಟ್ಟಿದಳು. ಮಧ್ಯಾಹ್ನ ಇಳಿದ ಮೇಲೆ ಕಾಳಪ್ಪ ಬಾಯಿ ಒರೆಸಿಕೊಳ್ಳುತ್ತ ಬಂದ.

“ಉಪ್ಪಿಟ್ಟು ಛಲೋ ಮಾಡಿಸ್ಯಾರ. ತಿನ್ನಾಕ ಮಂದಿನ ಇಲ್ಲ. ಸಾಹೇಬ್ರು ‘ಯಾರದೂ ಆಕ್ಷೇಪಣೆ ಇಲ್ಲ’ ಅಂತ ಬರಕೊಂಡು ಹೊಂಟಾರ.”

“ನೀ ಇದ್ದೆಲ್ಲ, ಒಂದ ಮಾತ ಹೇಳಬೇಕಿತ್ತಿಲ್ಲ?”

“ಬಾಯಾಗ ಉಪ್ಪಿಟ್ಟಿತ್ತು.”

ಫಕೀರಮ್ಮ ಸ್ವಿಚ್ಚು ಆರಿಸಿದಳು. ಕಲ್ಲು ಗುರ್ ಎಂದು ನಿಂತಿತು. ಎರಡು ಡಬ್ಬಿ ಎತ್ತಿ ಕಂಕುಳಿಗಿಟ್ಟುಕೊಂಡು ರಸ್ತೆ ದಾಟಿ, ಸಮುದಾಯ ಭವನದ ಗೇಟಿನಲ್ಲಿ ಸಾಹೇಬರ ಜೀಪಿನ ಮುಂದೆ ಇಟ್ಟಳು. ಮತ್ತೆ ಬಂದು ಇನ್ನೆರಡು ಎತ್ತಿದಳು. “ನೋಡ್ಕೋಂತ ನಿಂತೀಯಲ್ಲ, ತಿಂದ ಉಪ್ಪಿಟ್ಟು ಕರಗಲಿ, ಎತ್ತು” ಎಂದಳು. ಮದುವೆಯಾದ ಮೇಲೆ ಮೊದಲ ಬಾರಿಗೆ ಕಾಳಪ್ಪ ಡಬ್ಬಿ ಎತ್ತಿದ.

ಸುದ್ದಿ ಬೆಂಕಿಯಂತೆ ಹಬ್ಬಿತು. ಸಭೆಗೆ ಒಬ್ಬರೂ ಬಾರದ ಊರು ಈಗ ಇಡಿಯಾಗಿ ಗೇಟಿಗೆ ಬಂದು ನಿಂತಿತು. “ಹುಚ್ಚ ಹಿಡದೈತೇನಬೇ ನಿನಗ? ನಮ್ಮ ಪಾಳಿ ಕೆಡಿಸಿದೆಲ್ಲ!” ಎಂದು ಶರಣಬಸಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿದಳು.

“ಪಾಳಿ ಕೆಟ್ಟಿಲ್ಲ. ಹಿಂದ ಮುಂದ ಆಗಿದ್ರ ತೋರ್ಸು. ಜಾಗಾ ಅಷ್ಟ ಬದಲಾಗೈತಿ.”

ಆ ಹೊತ್ತಿಗೆ ಸಾಹೇಬರು ಹೊರಬಂದರು. ಜೀಪಿನ ಮೂತಿಯಿಂದ ರಸ್ತೆಯತನಕ ಡಬ್ಬಿಗಳು. ಡ್ರೈವರ್ ದುರಗೇಶನಿಗೆ ಸರಿಸಲು ಹೇಳಿದರು. ಅವನು ಅದೇ ಊರವನು, ಕದಲಲಿಲ್ಲ.

“ಇನ್ನೊಬ್ಬರ ಡಬ್ಬಿ ಮುಟ್ಟಂಗಿಲ್ರಿ ಸಾಹೇಬ್ರ. ನಮ್ಮವ್ವಂದೂ ಐತಿ ಅದರಾಗ. ಮುಟ್ಟಿದ್ರ ಸಂಜಿಗೆ ರೊಟ್ಟಿ ಸಿಗಾಂಗಿಲ್ಲ ನನಗ.”

ಸಾಹೇಬರು ತಾವೇ ಬಗ್ಗಿ ಒಂದು ಡಬ್ಬಿಗೆ ಕೈಹಾಕಿದರು. ಅದು ಶರಣಬಸಮ್ಮನದು. ಅಲ್ಲಿಯವರೆಗೆ ಫಕೀರಮ್ಮನ ಮೇಲಿದ್ದ ಅವಳ ಬಾಯಿ ಗಕ್ಕನೆ ಅತ್ತ ತಿರುಗಿತು. “ಕೈ ತಗೀರಿ! ಪಾಳಿಗಿಟ್ಟ ಡಬ್ಬಿ ಅದು!” ಹಿಂದಿನಿಂದ ಇಡೀ ಊರು ಒಂದೇ ಬಾಯಲ್ಲಿ ಕೂಗಿತು. ಸಾಹೇಬರು ಬೆಳಗಿನಿಂದ ಕಾಯುತ್ತಿದ್ದ ಸಾರ್ವಜನಿಕರ ಆಕ್ಷೇಪಣೆ ಹೀಗೆ ಬಂತು.

“ಪೊಲೀಸರನ್ನ ಕರೆಸಬೇಕಾಗುತ್ತೆ,” ಎಂದರು ಸಾಹೇಬರು.

“ಕರಸ್ರಿ,” ಎಂದಳು ಫಕೀರಮ್ಮ. “ಪೊಲೀಸ್ ಜಮೇದಾರ್ರ ಮನಿ ಡಬ್ಬಿ ಅಲ್ಲೇ ಐತಿ, ಐದನೇದು. ಬೀಸಿದ ಡಬ್ಬಿ ತಾನ ಮನಿಗೆ ಹೋಗ್ತೈತ್ರಿ. ಎಲ್ಲಾ ಬೀಸಿದ ಮ್ಯಾಲ ನಿಮ್ಮ ಪಾಳಿ. ಆದ್ರ ನಾಕಕ್ಕ ನೀವು ಕರೆಂಟ್ ತಗದ್ರ ಇವು ನಾಳಿತನಕ ಇಲ್ಲೇ. ನೀವೂ ಇಲ್ಲೇ.”

ಇಪ್ಪತ್ತು ವರ್ಷದ ಮುಂದಾಲೋಚನೆ ಮಾಡಿದ ತಲೆ ಈಗ ಸಂಜೆಯ ಊಟದ ಆಲೋಚನೆ ಮಾಡಿತು. ಸಾಹೇಬರು ಫೋನು ತೆಗೆದು, ತಾವು ಹೇಳುವತನಕ ಕರೆಂಟು ತೆಗೆಯಬೇಡಿರೆಂದರು. ಎಷ್ಟು ಸುಲಭವಿತ್ತು ನೋಡಿ. ಇಷ್ಟು ವರ್ಷ ಲೈನ್ ಟ್ರಬಲ್ಲು, ಲೋಡು, ಓವರ್ ಲೋಡು ಎಂದು ಕೇಳಿ ಕೇಳಿ ಊರಿನ ಕಿವಿ ತೂತು ಬಿದ್ದಿತ್ತು.

ಗಿರಣಿ ಮತ್ತೆ ಶುರುವಾಯಿತು. ಫಕೀರಮ್ಮ ಗೇಟಿನಿಂದ ಒಂದೊಂದೇ ಡಬ್ಬಿ ತರುತ್ತಿದ್ದಳು. ಸಾಹೇಬರು ಗಿರಣಿಯ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿದರು, ಆಕಳಿಸಿದರು, ತಮ್ಮ ಕಪ್ಪು ಪ್ಯಾಂಟು ಬೆಳ್ಳಗಾಗುವುದನ್ನು ನೋಡಿದರು. ಹೊತ್ತು ಮುಳುಗುವ ಮುಂಚೆ ಜೀಪಿನ ಮುಂದೆ ಒಂದೇ ಒಂದು ಡಬ್ಬಿ ಉಳಿಯಿತು.

“ಅದ್ಯಾರದು? ಬೇಗ ಬೀಸಿ.”

“ನಂದ್ರಿ. ನೀವು ನಮ್ಮ ಆಕ್ಷೇಪಣೆ ಬರಕೊಂಡ ಮ್ಯಾಲ ಬೀಸ್ತೀನಿ.”

ಸಾಹೇಬರು ಅವಳ ಮುಖ ನೋಡಿದರು, ಜೀಪು ನೋಡಿದರು. ಚೀಲದಿಂದ ಹಾಳೆ ತೆಗೆದು ‘ಆಕ್ಷೇಪಣೆ ಇಲ್ಲ’ ಎಂಬುದನ್ನು ಹೊಡೆದುಹಾಕಿದರು. ಹಗಲಿನ ತ್ರೀ ಫೇಜ್ ತೆಗೆಯುವುದಕ್ಕೆ ಊರಿನ ಎಲ್ಲ ಮನೆಗಳ ಆಕ್ಷೇಪಣೆಯಿದೆ ಎಂದು ಬರೆದು, ಅವಳು ಹೇಳಿದ್ದಕ್ಕೆ ನಿಂತು ಗಟ್ಟಿಯಾಗಿ ಓದಿದರು. ಹೆಂಗಸರು ಒಬ್ಬೊಬ್ಬರಾಗಿ ಮುಂದೆ ಬಂದು ಹಿಟ್ಟಿನ ಕೈಯಲ್ಲೇ ಹೆಬ್ಬೆಟ್ಟೊತ್ತಿದರು, ಸಹಿ ಬಲ್ಲವರು ಸಹಿ ಹಾಕಿದರು. ಫಕೀರಮ್ಮ ತನ್ನ ಡಬ್ಬಿ ಎತ್ತಿಕೊಂಡಳು.

ಅವಳು ಜೋಳ ಸುರಿದು ಅರ್ಧ ಬೀಸಿರಬೇಕು, ಅಷ್ಟರಲ್ಲಿ ಜೀಪು ಊರ ಅಗಸಿಬಾಗಿಲು ದಾಟಿತು, ಕರೆಂಟು ಹೋಯಿತು.

“ಎಲ್ಲಾರದೂ ಆತು, ನಿಂದ ಉಳೀತಲ್ಲಬೇ,” ಎಂದಳು ಶರಣಬಸಮ್ಮ. ಈ ಬಾರಿ ದನಿಯಲ್ಲಿ ಜಗಳವಿರಲಿಲ್ಲ.

ಫಕೀರಮ್ಮ ಉಳಿದ ಜೋಳವನ್ನು ಡಬ್ಬಿಗೆ ತುಂಬಿ ಮುಚ್ಚಳ ಬಡಿದಳು. ರಸ್ತೆ ದಾಟಿ, ಸಮುದಾಯ ಭವನದ ಗೇಟಿನಲ್ಲಿ ಜೀಪು ನಿಂತಿದ್ದ ಜಾಗದಲ್ಲೇ ಅದನ್ನು ಇಟ್ಟು ಬಂದಳು.

“ಇರಲಿ ಬಿಡು, ಪಾಳಿಯಾಗ ಐತಿ. ಅವರು ಮತ್ತ ಬರ್ತಾರಲ್ಲ.”

ಮರುದಿನ ಬೆಳಿಗ್ಗೆ ಅದರ ಹಿಂದೆ ಶರಣಬಸಮ್ಮನ ಡಬ್ಬಿಯೂ ಇತ್ತು.