ಅಕ್ಕನ ಹಾಡಿನ ಬಾಲ

ನಾನು ಚಿಕ್ಕವಳಿದ್ದಾಗ ನಮ್ಮ ಓಣಿಯ ಮಕ್ಕಳು ಟೇಪ್ ರೆಕಾರ್ಡರ್ ಮುಂದೆ ಕೂರುತ್ತಿದ್ದುದು ಹಾಡು ಕೇಳಲಿಕ್ಕಲ್ಲ, ಹಾಡು ಮುಗಿದ ಮೇಲೆ ಬರುವುದನ್ನು ಕೇಳಲಿಕ್ಕೆ. ಅದಕ್ಕೆ ನಾವು ಹಾಡಿನ ಬಾಲ ಎನ್ನುತ್ತಿದ್ದೆವು.

ದೇವದುರ್ಗದಲ್ಲಿ ನಮ್ಮ ಮನೆಯ ಎದುರಿಗೆ ಬಟ್ಟೆ ಹೊಲಿಯುವ ಕಾಕಾನ ಅಂಗಡಿ ಇತ್ತು. ಓಣಿಗೆಲ್ಲ ಇದ್ದದ್ದು ಒಂದೇ ಟೇಪ್ ರೆಕಾರ್ಡರ್, ಅದು ಕಾಕಾನದು. ದಾರ, ಗುಂಡಿ ತರಲು ರಾಯಚೂರಿಗೆ ಹೋದಾಗಲೆಲ್ಲ ಅವನು ಭಜನೆಯದೋ ತತ್ವಪದದ್ದೋ ಒಂದು ಕ್ಯಾಸೆಟ್ ತರುತ್ತಿದ್ದ. ಅವನ್ನು ಹಾಡಿದವರು ನಮ್ಮ ಸುತ್ತಿನ ಹಳ್ಳಿಗಳವರೇ. ಯಾರದೋ ಮನೆಯ ಪಡಸಾಲೆಯಲ್ಲಿ ಬಾಗಿಲು ಹಾಕಿಕೊಂಡು ಹಾಡಿದ್ದು. ಹಾಡು ನಿಂತ ಕೂಡಲೇ ಯಂತ್ರ ನಿಲ್ಲಿಸಬೇಕೆಂಬುದು ಅಲ್ಲಿ ಯಾರಿಗೂ ನೆನಪಾಗುತ್ತಿರಲಿಲ್ಲ. ಅಷ್ಟರಲ್ಲಿ ಏನೇನು ಸಿಕ್ಕಿತೋ ಅದೆಲ್ಲ ಬಾಲ. ಒಂದರಲ್ಲಿ ಕೋಳಿ ಕೂಗುತ್ತಿತ್ತು. ಇನ್ನೊಂದರಲ್ಲಿ ಹಾರ್ಮೋನಿಯಂ ಪೆಟ್ಟಿಗೆ ದೊಪ್ಪನೆ ಬಿದ್ದು ಯಾರೋ ಅವ್ವಾ ಎನ್ನುತ್ತಿದ್ದರು. ನಮಗೆ ಎಲ್ಲಕ್ಕಿಂತ ಇಷ್ಟವಾದದ್ದು ಒಂದು ತತ್ವಪದದ ಬಾಲ. ದೇಹ ಸುಳ್ಳು, ಮನೆ ಸುಳ್ಳು, ಎಲ್ಲ ಬಿಟ್ಟು ಹೋಗಬೇಕು ಎಂದು ಅಷ್ಟು ಹೊತ್ತು ಹಾಡಿದ ಅಜ್ಜ, ಹಾಡು ಮುಗಿದದ್ದೇ ತಡ, "ನನ್ನ ಚಪ್ಲಿ ಯಾವನ್ಲೇ ಮೆಟ್ಟಿಕೊಂಡು ಹೋದಾಂವ?" ಎಂದು ಕೇಳುತ್ತಿದ್ದ. ಅಲ್ಲಿಗೆ ಬಂದಾಗ ಓಣಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಬೇಡದವರಿಗೂ ಆ ಮಾತು ಬಾಯಿಪಾಠವಾಗಿತ್ತು. ಯಾರಾದರೂ ಅವಸರದಲ್ಲಿ ಗುಂಡಿ ಒತ್ತಲು ಹೋದರೆ ಕಾಕಾ ಕತ್ತರಿ ಎತ್ತಿ ಹಿಡಿದು, ತಡೀರಿ, ಬಾಲ ಬರಲಿ ಎನ್ನುತ್ತಿದ್ದ.

ನನ್ನ ಅಕ್ಕ ಚೆನ್ನಾಗಿ ಹಾಡುತ್ತಿದ್ದಳು. ಅವ್ವನಿಂದ, ಅವ್ವನ ಅವ್ವನಿಂದ ಬಂದ ಸೋಬಾನದ ಪದಗಳೆಲ್ಲ ಅವಳಿಗೆ ಬರುತ್ತಿದ್ದವು. ಬೆಳಿಗ್ಗೆ ರೊಟ್ಟಿ ಬಡಿಯುವಾಗ ಅವಳ ಕೈಯೂ ದನಿಯೂ ಒಂದೇ ತಾಳಕ್ಕೆ ಬೀಳುತ್ತಿದ್ದವು. ಅಪ್ಪ ಗಂಜಿನಲ್ಲಿ, ಅಂದರೆ ಕಾಳಿನ ಮಾರುಕಟ್ಟೆಯಲ್ಲಿ, ಚೀಲ ತೂಗುವ ಕೆಲಸಕ್ಕಿದ್ದ. ಮನೆಯಲ್ಲಿ ಹೆಣ್ಣುಮಕ್ಕಳೇ ಎಲ್ಲ, ಅಕ್ಕ ಹಿರಿಯಳು. ಅವಳಿಗೆ ಇಪ್ಪತ್ತು ದಾಟಿದ್ದರಿಂದ ಓಣಿಯ ಹೆಂಗಸರು ಅವ್ವನನ್ನು ನೀರಿನ ಬಾವಿಯ ಹತ್ತಿರ ಕೇಳಬಾರದ್ದನ್ನೆಲ್ಲ ಕೇಳುತ್ತಿದ್ದರು.

ಹೀಗಿರುವಾಗ ಮಾನ್ವಿಯಿಂದ ಅಕ್ಕನನ್ನು ನೋಡಲು ಬಂದರು. ಅಕ್ಕಿ ಗಿರಣಿಯ ಮನೆತನ. ಅಂಥವರು ನಮ್ಮ ಮನೆಯ ಹೊಸ್ತಿಲು ದಾಟುತ್ತಾರೆಂದರೆ ಅಪ್ಪನಿಗೇ ನಂಬಿಕೆ ಬಂದಿರಲಿಲ್ಲ. ವರ ಬಂದಿದ್ದ, ಅವನ ದೊಡ್ಡವ್ವ ಬಂದಿದ್ದಳು, ಸೋದರಮಾವ ಬಂದಿದ್ದ. ವರನ ತಾಯಿ ಬಂದಿರಲಿಲ್ಲ. ಅವಳಿಗೆ ಒಂದಿಷ್ಟು ಕಾಲುನೋವು ಎಂದರು. ವರ ಹೊಳೆಯುವ ಹೊಸ ಟೇಪ್ ರೆಕಾರ್ಡರನ್ನು ತೊಡೆಯ ಮೇಲೆ ಕೂಸಿನ ಹಾಗೆ ಇಟ್ಟುಕೊಂಡು ಕೂತಿದ್ದ. ಹುಡುಗಿಗೆ ಹಾಡಲು ಬರುತ್ತದಂತೆ, ಹಾಡಲಿ, ಹಿಡಿದುಕೊಳ್ಳುತ್ತೇನೆ ಎಂದ. ಅಕ್ಕ ಸೆರಗನ್ನು ಬೆರಳಿಗೆ ಸುತ್ತುತ್ತ ಒಂದು ಸೋಬಾನ ಹಾಡಿದಳು. ಮೊದಲು ನಡುಗಿದಳು, ಆಮೇಲೆ ಎದುರಿಗೆ ಕೂತವರನ್ನು ಮರೆತೇಬಿಟ್ಟಳು.

ಹಾಡು ಮುಗಿದ ಮೇಲೆ ಅಕ್ಕ ನಮಸ್ಕಾರ ಮಾಡಿ ಒಳಗೆ ಬಂದಳು. ನಾನೂ ಅವಳ ಬೆನ್ನಿಗೇ ಅಡಿಗೆಮನೆಗೆ ಬಂದೆ. ಅಪ್ಪ ಎಲೆ ಅಡಿಕೆ ತರಲು ಓಣಿಯ ಕೊನೆಗೆ ಓಡಿದ. ಅವ್ವ ಮಂಡಾಳಿನ, ಅಂದರೆ ಮಂಡಕ್ಕಿಯ, ಒಗ್ಗರಣೆ, ಮಿರ್ಚಿ ಇಟ್ಟು ಬಂದು ಚಹಾ ಸೋಸುತ್ತಿದ್ದಳು. ಹೊರಗೆ ಅವರವರೇ ಏನೋ ಮಾತಾಡಿಕೊಂಡರು, ನಮಗೆ ಕೇಳಿಸಲಿಲ್ಲ. ಏಳುವ ಹೊತ್ತಿಗೆ ವರ ಟಕ್ಕೆಂದು ಗುಂಡಿ ಒತ್ತಿ, ಕ್ಯಾಸೆಟ್ ತೆಗೆದು ಅಕ್ಕನ ಕೈಗೆ ಕೊಡಿಸಿದ. ನಿನ್ನ ದನಿ ನೀನೇ ಕೇಳು ಎಂದನಂತೆ. ನಮ್ಮ ಮನೆಯಲ್ಲಿ ಯಂತ್ರ ಇಲ್ಲವೆಂಬುದು ಅವನಿಗೆ ಕಣ್ಣಿಗೇ ಕಾಣುತ್ತಿತ್ತು.

ಅಂದು ಸಂಜೆ ಕಾಕಾನ ಅಂಗಡಿಯ ಮುಂದೆ ಜಾತ್ರೆಯಷ್ಟು ಜನ. ಅಕ್ಕ ಬೇಡ ಬೇಡ ಎಂದರೂ ಕೇಳದೆ ಅವಳನ್ನು ಎಳೆದು ತಂದು ಮುಂದೆ ಕೂರಿಸಿದರು. ಅಪ್ಪ ಹೆಗಲ ಮೇಲೆ ಟವೆಲ್ ಹಾಕಿಕೊಂಡು, ಮಗಳ ಮದುವೆ ಆಗಿಯೇಹೋಯಿತು ಎನ್ನುವ ಮುಖ ಮಾಡಿಕೊಂಡು ನಿಂತಿದ್ದ. ಕಾಕಾ ಕ್ಯಾಸೆಟ್ ಹಾಕಿದ. ಅಕ್ಕನ ದನಿ ಆ ಪೆಟ್ಟಿಗೆಯೊಳಗಿಂದ ಬಂದಾಗ ನನ್ನ ಮೈ ಜುಮ್ಮೆಂದಿತು. ದಿನಾ ಕೇಳುವ ದನಿಯೇ, ಆದರೆ ಯಾರೋ ದೊಡ್ಡವರ ದನಿಯ ಹಾಗಿತ್ತು. ಎಣ್ಣೆ ಹಾಕಿದ ಹೊಲಿಗೆ ಯಂತ್ರದ ವಾಸನೆ, ಹೊಸ ಬಟ್ಟೆಯ ಗಂಜಿಯ ವಾಸನೆ, ನಡುವೆ ಅಕ್ಕನ ಪದ. ಹಾಡು ಮುಗಿಯಿತು. ಎಲ್ಲರೂ ಭೇಷ್ ಎಂದರು. ಯಾರೂ ಗುಂಡಿ ಒತ್ತಲಿಲ್ಲ. ನಮ್ಮ ಓಣಿಯ ರೂಢಿಯೇ ಅದು. ಕಾಕಾ ಕತ್ತರಿ ಎತ್ತಿ ಹಿಡಿದ. ಬಾಲ ಬರಲಿ.

ಬಳೆ ಸದ್ದು, ಬಾಗಿಲ ಪರದೆ ಸರಿದ ಸದ್ದು, ನಮ್ಮ ಹೆಜ್ಜೆಗಳು ಒಳಗೆ ಹೋದದ್ದು. ಆಮೇಲೆ ಸೋದರಮಾವನ ದನಿ.

"ದನಿ ಚಲೋ ಅದ ಬಿಡು."

"ದನಿ ತಗೊಂಡು ಏನು ಮಾಡ್ತಿ?" ಇದು ದೊಡ್ಡವ್ವ. "ತೋಳು ನೋಡಿದ್ಯೋ ಇಲ್ಲೋ? ಹಾಸಿಗಿ ಹಿಡಿದ ನಿಮ್ಮಕ್ಕನ್ನ ಒಬ್ಬಾಕಿನ ಎತ್ತಿ ಕುಂದ್ರಸ್ತಾಳ."

"ಬಣ್ಣ ಸ್ವಲ್ಪ ಕಮ್ಮಿ."

"ಸ್ವಲ್ಪೇನು, ರೊಟ್ಟಿ ಹಂಚಿನ ತಳ ಆಗ್ಯಾಳ. ಇರವಲ್ಲದ್ಯಾಕ. ಹೇಲು ಉಚ್ಚಿ ಬಳಿಯಾಕ ಬಣ್ಣ ಬೇಕೇನು?"

"ಆಳು ಇಟ್ಟಿದ್ರ ಆಗ್ತಿತ್ತಲ್ಲ."

"ಇಟ್ಟು ನೋಡಿಲ್ಲೇನು? ಆಳು ಪಗಾರ ಕೇಳತಾವ, ಬ್ಯಾಸರಾದ್ರ ಓಡಿ ಹೋಗ್ತಾವ. ಸೊಸಿ ಎಲ್ಲಿಗೆ ಓಡ್ತಾಳ?"

ಆಗ ಒಬ್ಬ ಗಂಡಸು ನಕ್ಕ. ಮಾತಿಲ್ಲ, ಬರೀ ನಗು. ಅದು ಯಾರ ನಗು ಎಂದು ಅಕ್ಕನಿಗೆ ಗೊತ್ತಾಯಿತು, ಅಲ್ಲಿ ಕೂತ ಎಲ್ಲರಿಗೂ ಗೊತ್ತಾಯಿತು. ಅದರ ಬೆನ್ನಿಗೇ ಅವ್ವನ ದನಿ, ದೂರದಿಂದ ಹತ್ತಿರ ಬರುತ್ತ, "ಇನ್ನೊಂದೀಟು ಒಗ್ಗರಣಿ ಹಾಕ್ಲೇನ್ರೀ ಯಕ್ಕಾ?"

"ಬ್ಯಾಡ್ರೀ ಯವ್ವಾ, ಹೊಟ್ಟಿ ತುಂಬ್ಯಾದ," ಅದೇ ದೊಡ್ಡವ್ವ, ಈಗ ಬಾಯಲ್ಲಿ ಬೆಲ್ಲ ಇಟ್ಟುಕೊಂಡವಳ ಹಾಗೆ. "ಮಗಳಿಗೆ ಭಾಳ ಚಲೋ ಕಲಿಸೀರಿ."

ಟಕ್.

ಕಾಕಾನ ಕತ್ತರಿ ಎತ್ತಿದಲ್ಲೇ ಉಳಿದಿತ್ತು. ಅಪ್ಪ ಟವೆಲಿನಿಂದ ಮುಖ ಒರೆಸಿಕೊಂಡ, ಒರೆಸುತ್ತಲೇ ಇದ್ದ. ಯಾರಾದರೂ ಏನಾದರೂ ಒಂದು ಒಳ್ಳೆಯ ಮಾತು ಹೇಳುತ್ತಾರೆಂದು ನಾನು ಒಬ್ಬೊಬ್ಬರ ಮುಖ ನೋಡಿದೆ. ಹಿಂದಿನಿಂದ ಒಂದು ಹೆಣ್ಣುದನಿ ಬಂತು. "ಹಿಂದಕ ತಿರುವಿ ಇನ್ನೊಮ್ಮಿ ಹಾಕ್ರೀ ಕಾಕಾ, ನನಗ ನಟ್ಟನಡುವ ಕೇಳಸಲಿಲ್ಲ." ಯಾರೋ ನಗು ತಡೆಯಲಾರದೆ ಕೆಮ್ಮಿದರು. ಅಕ್ಕ ಎದ್ದು ಓಣಿ ದಾಟಿ, ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮರುದಿನ ಅವಳು ನೀರಿಗೆ ಹೋದಾಗ ನನ್ನ ಜೊತೆ ಆಡುವ ಮಕ್ಕಳೇ ಹಂಚಿನ ತಳ ಬಂತು ಎಂದು ದಾರಿ ಬಿಟ್ಟರು. ಅಜ್ಜನ ಚಪ್ಪಲಿಯ ಮಾತು ಹಳೆಯದಾಗಿತ್ತು, ಓಣಿಗೆ ಹೊಸ ಬಾಲ ಸಿಕ್ಕಿತ್ತು.

ಮಾನ್ವಿಯವರಿಂದ ಹೇಳಿಕೆ ಬಂತು. ಹುಡುಗಿ ಒಪ್ಪಿಗೆ, ವರದಕ್ಷಿಣೆ ಬೇಡ, ಮದುವೆಯ ಖರ್ಚೂ ತಮ್ಮದೇ. ಅವ್ವ ಎಂದೂ ಅಪ್ಪನಿಗೆ ಎದುರು ಮಾತಾಡಿದವಳಲ್ಲ. ಅಂದು ಊಟಕ್ಕೆ ಬಡಿಸುತ್ತ, ಅಷ್ಟೆಲ್ಲ ಕೇಳಿದ ಮೇಲೂ ಕೊಡುತ್ತೀರೇನು ಎಂದಳು. ಅಪ್ಪ ರೊಟ್ಟಿ ಮುರಿದುಕೊಂಡ.

"ಹೆಣ್ಣು ನೋಡಾಕ ಬಂದವರೆಲ್ಲಾ ಹಿಂಗ ಮಾತಾಡ್ತಾರ," ಎಂದ. "ಇವರದು ಟೇಪಿನ್ಯಾಗ ಸಿಕ್ತು, ಅಷ್ಟ."

ಹಾಗೆಂದವನು ಸಾಲಾಗಿ ಕೂತು ಉಣ್ಣುತ್ತಿದ್ದ ನಮ್ಮನ್ನು, ಅಕ್ಕನ ನಂತರದವರನ್ನು, ಒಮ್ಮೆ ನೋಡಿದ. ಅಕ್ಕ ಒಲೆಯ ಮುಂದೆ ಬೆನ್ನು ತಿರುಗಿಸಿ ಕೂತಿದ್ದಳು. ಬಡಿಯುತ್ತಿದ್ದ ರೊಟ್ಟಿಯ ಸದ್ದು ನಿಂತಿತ್ತು.

ನಿಶ್ಚಯಕ್ಕೆ ಮತ್ತೆ ಅವರು ಮೂವರೂ ಬಂದರು, ಜೊತೆಗೆ ನಾಲ್ಕು ಜನ ಹಿರಿಯರು. ತಟ್ಟೆಯಲ್ಲಿ ಸೀರೆ, ಖಣ, ಉತ್ತತ್ತಿ, ಸಕ್ಕರೆ. ಹುಡುಗಿಯ ಬಾಯಿಗೆ ಸಕ್ಕರೆ ಹಾಕಿದರೆ ಮಾತು ಮುಗಿದಂತೆ, ಆಮೇಲೆ ಹಿಂದೆಗೆಯುವಂತಿಲ್ಲ. ದೊಡ್ಡವ್ವನೇ, ಶುಭ ಕೆಲಸಕ್ಕೆ ಮೊದಲು ಒಂದು ಪದ ಹೇಳಿಸಿ ಎಂದಳು. ಅಕ್ಕ ಬೇಡವೆನ್ನಲಿಲ್ಲ. ಅದೇ ಸೋಬಾನ ಹಾಡಿದಳು. ಈ ಸಲ ಮೊದಲಿನಿಂದಲೇ ನಡುಕವಿರಲಿಲ್ಲ.

ಹಾಡು ಮುಗಿಯಿತು. ಅವಳು ತಲೆ ಎತ್ತಲಿಲ್ಲ, ಏಳಲೂ ಇಲ್ಲ. ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡೇ, ಉಸಿರು ಬಿಡದೆ, ಮುಂದಿನದನ್ನು ಶುರು ಮಾಡಿದಳು. ದನಿ ಚಲೋ ಅದ ಬಿಡು ಎಂಬಲ್ಲಿಂದ. ಮಾವನ ಮಾತು ಮಾವನ ದನಿಯಲ್ಲಿ, ದೊಡ್ಡವ್ವನ ಮಾತು ದೊಡ್ಡವ್ವನ ದನಿಯಲ್ಲಿ. ತೋಳು, ಹಂಚಿನ ತಳ, ಆಳು, ಪಗಾರ, ಒಂದೂ ಬಿಡಲಿಲ್ಲ. ಆ ನಗುವನ್ನೂ ನಕ್ಕಳು. ಅವ್ವನ ಮಾತು ಒಂದನ್ನು ಮಾತ್ರ ಹೇಳದೆ ನಿಲ್ಲಿಸಿದಳು.

ಸೋದರಮಾವ ಚಹಾದ ಬಸಿ ಕೆಳಗಿಟ್ಟ. ವರ ತನ್ನ ಕೈಗಡಿಯಾರ ನೋಡಿಕೊಂಡ. ಈಗ ಎದ್ದು ಹೋಗುತ್ತಾರೆ, ನಾಚಿಕೆಯಿಂದಲೋ ಸಿಟ್ಟಿನಿಂದಲೋ ಹೋಗೇಹೋಗುತ್ತಾರೆ ಎಂದು ನನಗೆ ಒಳಗೊಳಗೇ ಖುಷಿ. ಬಾಗಿಲಲ್ಲಿ ನಿಂತ ಅವ್ವನ ಮುಖದಲ್ಲೂ ಅದೇ ಆಸೆ ಕಂಡೆ. ದೊಡ್ಡವ್ವ ಅಕ್ಕನನ್ನು ತಲೆಯಿಂದ ಕಾಲಿನವರೆಗೆ ಮತ್ತೊಮ್ಮೆ ನೋಡಿದಳು, ಸಂತೆಯಲ್ಲಿ ಕೊಂಡ ವಸ್ತುವನ್ನು ಮನೆಗೆ ಬಂದು ತಿರುವಿ ನೋಡುತ್ತಾರಲ್ಲ, ಹಾಗೆ.

"ನೆನಪು ಚಲೋ ಅದ ಹುಡುಗಿಗೆ," ಎಂದಳು. "ಗುಳಿಗಿ ಕೊಡೋ ವ್ಯಾಳ್ಯಾ ಮರಿಯಂಗಿಲ್ಲ."

ತಟ್ಟೆಯಿಂದ ಒಂದು ಚಿಟಿಕೆ ಸಕ್ಕರೆ ತೆಗೆದು ಅಕ್ಕನ ಗದ್ದ ಹಿಡಿದೆತ್ತಿ ಬಾಯಿಗೆ ಹಾಕಿದಳು. ಅಪ್ಪ ಕೈ ಮುಗಿದ.

ಅಕ್ಕ ಮಾನ್ವಿಗೆ ಹೋದಳು. ನಾನು ರಜೆಯಲ್ಲಿ ಬಸ್ಸಿನಲ್ಲಿ ಅಲ್ಲಿಗೆ ಹೋಗುತ್ತಿದ್ದೆ. ಕಾಲುವೆಯ ನೀರು, ಕಣ್ಣು ಹರಿಯುವವರೆಗೂ ಹಸಿರು ಭತ್ತ, ಗಿರಣಿಯ ತೌಡಿನ ಬಿಸಿ ವಾಸನೆ. ಒಳಗೆ ಕಿಟಕಿ ಮುಚ್ಚಿದ ಕೋಣೆಯಲ್ಲಿ ಅಕ್ಕ ಅತ್ತೆಯನ್ನು ಎತ್ತಿ ಕೂರಿಸುತ್ತಿದ್ದಳು, ಮಲಗಿಸುತ್ತಿದ್ದಳು, ಅವಳ ಕೈಗಳು ಫಿನಾಯಿಲ್ ನಾರುತ್ತಿದ್ದವು. ಭಾವ ಎಂದೂ ಹೊಡೆಯಲಿಲ್ಲ, ಬಯ್ಯಲಿಲ್ಲ. ನಗುತ್ತಿದ್ದ. ಒಮ್ಮೆ ನಾನು, ಯಾಕ ಅಕ್ಕಾ, ಈಗ ಪದ ಹಾಡೂದಿಲ್ಲೇನು ಎಂದು ಕೇಳಿದೆ. "ಇರೋ ಉಸಿರು ಎತ್ತೂದ್ರಾಗ ಹೋಗ್ತದ," ಎಂದಳು. ಆ ಅತ್ತೆ ಬಹಳ ವರ್ಷ ಬದುಕಿದಳು.

ಮೊಮ್ಮಕ್ಕಳೇ, ಈಗ ರಾಯಚೂರಿನ ನಮ್ಮ ಮನೆಯಲ್ಲಿ ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಫೋನು. ಹೆಣ್ಣುಮಕ್ಕಳನ್ನು ಹಾಡಿಸಿ, ನಡೆಸಿ ನೋಡುವವರು ನಿಮ್ಮ ಕಾಲಕ್ಕೆ ಇಲ್ಲ ಎಂದು ನಾನು ಸಮಾಧಾನದಿಂದಿದ್ದೆ. ಮೊನ್ನೆ ಸಂಜೆ ನೀವೆಲ್ಲ ಒಂದೇ ಫೋನಿನ ಮೇಲೆ ಬಾಗಿ ನಗುತ್ತಿದ್ದಿರಿ. ಏನೆಂದು ನಾನೂ ಕನ್ನಡಕ ಹಾಕಿಕೊಂಡು ಬಂದೆ. ಶಾಲೆಯ ಕಾರ್ಯಕ್ರಮದಲ್ಲಿ ಒಬ್ಬ ಹುಡುಗಿ ಕಣ್ಣು ಮುಚ್ಚಿ ಎಷ್ಟು ಚೆನ್ನಾಗಿ ಹಾಡುತ್ತಿದ್ದಳು! ಅದು ಮುಗಿದು, ಅವಳು ಮೆಟ್ಟಿಲಿಳಿಯುವಾಗ, ಫೋನು ಹಿಡಿದವರ ಪಕ್ಕದಲ್ಲಿ ಯಾರೋ ಅವಳ ಮೈಯ ಬಗ್ಗೆ ಒಂದು ಮಾತು ಆಡಿದರು. ನೀವು ಹಿಂದಕ್ಕೆ ತಿರುಗಿಸಿ ಮತ್ತೆ ಅಲ್ಲಿಂದಲೇ ಹಾಕಿದಿರಿ. ಇಡೀ ಊರಿಗೇ ಹೋಗಿದೆ ಅಜ್ಜಿ ಎಂದಿರಿ.

ಆ ಹುಡುಗಿ ಕೇಳಿದಳೇನು ಎಂದು ನಾನು ಕೇಳಿದೆ.

"ಕೇಳದ ಏನ್ ಅಜ್ಜಿ? ಆಕಿನೂ ಅದಾಳಲ್ಲ ನಮ್ಮ ಗುಂಪಿನ್ಯಾಗ," ಎಂದಳು ನಿಮ್ಮಲ್ಲಿ ಚಿಕ್ಕವಳು. "ಆಕಿನೂ ನಗೂ ಚಿತ್ರ ಹಾಕ್ಯಾಳ ನೋಡು."

ಹಳದಿ ಬಣ್ಣದ ಒಂದು ಗುಂಡು ಮುಖ, ನಕ್ಕು ನಕ್ಕು ಕಣ್ಣಲ್ಲಿ ನೀರು. ನಾನು ಅದನ್ನೇ ನೋಡುತ್ತ ಕೂತೆ. ನಮ್ಮ ಕಾಲ ಒಳ್ಳೆಯದಿತ್ತು ಎಂದು ನಾನು ಎಂದೂ ಹೇಳುವವಳಲ್ಲ. ಆದರೆ ಕಾಕಾನ ಅಂಗಡಿಯ ಮುಂದೆ ಆ ಸಂಜೆ ಅಕ್ಕನಿಗೆ ಓಣಿಯವರ ಜೊತೆ ತಾನೂ ನಗಬೇಕಾಗಿ ಬಂದಿರಲಿಲ್ಲ.