ಒಂಬತ್ತು ಕಾಜ

ಕೋಟು ಹೊಲಿಯುವ ಆ ಅಂಗಡಿಯಲ್ಲಿ ಅವಳಿಗೆ ಕಾಜಕ್ಕ ಎಂದೇ ಹೆಸರು. ಗುಂಡಿ ತೂರಿಸುವ ಕಾಜಗಳನ್ನು ಇಪ್ಪತ್ತೆರಡು ವರ್ಷ ಕೈಯಲ್ಲೇ ಹೊಲಿದವಳು. ಯಂತ್ರ ಅವಳ ಮುಂದೆ ತಲೆ ತಗ್ಗಿಸಬೇಕು. ಆಮೇಲೆ ಬೆರಳ ಗಂಟುಗಳಿಗೆ ವಾತ ಹಿಡಿಯಿತು. ಇದು ಜೀವಮಾನದ ಕಾಯಿಲೆ ಎಂದು ಡಾಕ್ಟರು ಮಾತ್ರೆ ಬರೆದರು. ಅಂಗಡಿಯವನು ಅವಳನ್ನು ದಾರದ ಚೂರು ಹೆಕ್ಕಲು ಹಾಕಿದ. ಮೂರು ವರ್ಷ ಅವಳು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಆಗ ಸಿಕ್ಕಿದ್ದು ಆ ಇಂಟರ್ನೆಟ್ ಪಾಠ. ಬಹುಕಾಲದ ಕಾಯಿಲೆಯವರು ಮನೆಯಲ್ಲೇ ಕೂತು, ಫೋನಿನಲ್ಲಿ ಓದಿ, ತಮ್ಮ ಮನಸ್ಸನ್ನು ತಾವೇ ಸಂಭಾಳಿಸಿಕೊಳ್ಳಬಲ್ಲರೇ ಎಂದು ಸಂಶೋಧನೆ ನಡೆಯುತ್ತಿತ್ತು. ಎಂಟು ವಾರ, ಎಂಟು ಪಾಠ.

"ಫೋನ್ ಉಜ್ಜಿದ್ರೆ ಕೈನೋವು ಹೋಗತ್ತಾ?" ಎಂದು ನಾದಿನಿ ಕಿಚಾಯಿಸಿದಳು.

"ಹೋಗದಿದ್ರೆ ಬೇಡ. ನಿನ್ನ ಮಾತು ಕೇಳೋದಕ್ಕಿಂತ ವಾಸಿ."

ಪಾಠದ ಪ್ರಕಾರ, 'ನನ್ನ ಕಥೆ ಮುಗೀತು' ಎನ್ನಿಸಿದಾಗ ಅದನ್ನು ಬರೆದಿಟ್ಟು ನಿಜವೇ ಎಂದು ನೋಡಬೇಕಂತೆ. ಬಿಟ್ಟ ಕೆಲಸವನ್ನು ಚೂರುಚೂರೇ ಹಿಡಿಯಬೇಕಂತೆ. ಕಾಜಕ್ಕ ವಾರಕ್ಕೊಂದು ಚಿಂದಿ ಬಟ್ಟೆ ಹಿಡಿದು ಕೂತಳು. ಮೊದಲ ವಾರ ಎರಡು ಕಾಜಕ್ಕೇ ಬೆರಳು ಸೆಟೆದುಕೊಂಡವು.

ಪ್ರತಿ ವಾರದ ಕೊನೆಗೊಂದು ಪ್ರಶ್ನೆ: ನಿಮ್ಮ ನೋವಿಗೆ ಸೊನ್ನೆಯಿಂದ ಹತ್ತರೊಳಗೆ ಅಂಕ ಕೊಡಿ. ನೋವಿಗೆ ಅಂಕ ಕೊಡಲು ತಾನೇನು ಮೇಷ್ಟರೇ? ಅವಳಿಗೆ ಗೊತ್ತಿದ್ದ ಅಳತೆ ಕಾಜ ಒಂದೇ. ಆ ವಾರ ಹೊಲಿದ ಕಾಜ ಎಣಿಸಿ ಎರಡು ಎಂದು ಒತ್ತಿದಳು. ಮೂರನೇ ವಾರ ನಾಲ್ಕು. ಆರನೇ ವಾರ ಒಂಬತ್ತು! ಅಂದು ಚಿಂದಿಯನ್ನು ನಾದಿನಿಯ ಮೂಗಿಗೇ ಹಿಡಿದು ಮೆರೆದಳು.

ಮರುದಿನ ಸಂದೇಶ ಬಂತು: 'ನಿಮ್ಮ ನೋವು ತೀವ್ರವಾಗಿ ಹೆಚ್ಚಿರುವುದರಿಂದ, ನಿಮ್ಮ ಹಿತಕ್ಕಾಗಿ ಪಾಠ ನಿಲ್ಲಿಸಲಾಗಿದೆ.' ಏಳನೆಯ ಪಾಠ ಎಷ್ಟು ಒತ್ತಿದರೂ ತೆರೆಯಲಿಲ್ಲ.

ಕಾಜಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಅವಳನ್ನು ಮತ್ತೆ ಸೂಜಿಯ ಮುಂದೆ ಕೂರಿಸಿದ್ದೇ ಆ ಪಾಠ. ಅದೂ ಹೋದರೆ ಮತ್ತದೇ ಬಚ್ಚಲು, ಅದೇ ನಲ್ಲಿ. ಚಿಂದಿಗಳನ್ನು ಚೀಲಕ್ಕೆ ತುರುಕಿ, ಎರಡು ಬಸ್ಸು ಬದಲಿಸಿ, ಸಂಶೋಧನೆಯ ಕಚೇರಿಗೆ ನುಗ್ಗಿದಳು.

ಕನ್ನಡಕದ ಸಂಶೋಧಕ ಎಲ್ಲ ಕೇಳಿ ಹಣೆ ಒತ್ತಿಕೊಂಡ. "ನೀವು ಉಲ್ಟಾ ಬರೆದಿದ್ದೀರಮ್ಮ. ಜಾಸ್ತಿ ಅಂಕ ಅಂದ್ರೆ ಜಾಸ್ತಿ ನೋವು. ಇರ್ಲಿ, ತಿದ್ದೋಣ. ಮೊದಲ ವಾರ ನಿಜವಾಗ್ಲೂ ನೋವೆಷ್ಟಿತ್ತು?"

"ಏಳು ಅಂತ ಇಟ್ಕೊಳ್ಳಿ."

"ಈಗ?"

"ಏಳು."

ಅವನು ಹಾಳೆಯಲ್ಲಿ ಎರಡೂ ಕಡೆ ಏಳು ಎಂದು ಬರೆದ. "ಹಾಗಾದ್ರೆ ಏನೂ ಗುಣ ಆಗ್ಲಿಲ್ಲ ಅಂತಾಯ್ತು."

ಕಾಜಕ್ಕ ಆರು ಚಿಂದಿಗಳನ್ನೂ ಅವನ ಮೇಜಿನ ಮೇಲೆ ಹರಡಿದಳು. ಮೊದಲನೆಯದರಲ್ಲಿ ಸೊಟ್ಟಗಿನ ಎರಡು ಕಾಜ. ಕೊನೆಯದರಲ್ಲಿ ಗೆರೆ ಎಳೆದಂತೆ ಒಂಬತ್ತು.

"ನೋವು ಕೂತಲ್ಲೇ ಕೂತಿದೆ, ಸ್ವಾಮಿ. ನಾನು ಎದ್ದು ಬಂದಿದ್ದೀನಿ. ಇದನ್ನ ಎಲ್ಲಿ ಬರ್ಕೋತೀರಿ?"

ಅವನು ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿದ. "ಅದಕ್ಕೆ ಇದ್ರಲ್ಲಿ ಜಾಗ ಇಲ್ಲಮ್ಮ."

ಅವಳು ಚೀಲದಿಂದ ನೀಲಿ ಸೀಮೆಸುಣ್ಣ ತೆಗೆದಳು. ಬಟ್ಟೆಗೆ ಗುರುತು ಹಾಕುವಂತೆ ಹಾಳೆಯ ಅಂಚಿನಲ್ಲಿ ಒಂದು ಚೌಕ ಎಳೆದು, ಒಳಗೆ ದಪ್ಪಗೆ ಒಂಬತ್ತು ಎಂದು ಬರೆದಳು.

"ಈಗಿದೆ. ಇನ್ನೆರಡು ಪಾಠ ಬಾಕಿ. ತೆಗೀರಿ."

ಫೋನಿನಲ್ಲಿ ಪಾಠ ತೆರೆದುಕೊಳ್ಳುವವರೆಗೂ ಅವಳು ಆ ಕುರ್ಚಿಯಿಂದ ಕದಲಲಿಲ್ಲ.